ಎರಡನೇ ಸಲ ಊದಿದ ಉಸಿರು

ಬೀದಿಯವರೆಲ್ಲ ಟೈಲರಮ್ಮ ಎಂದು ಕರೆಯುವ ಅವಳಿಗೆ ಕಿಡ್ನಿ ಕೈಕೊಟ್ಟು ಎರಡು ವರ್ಷವಾಗಿತ್ತು. ವಾರಕ್ಕೆ ಮೂರು ದಿನ ಡಯಾಲಿಸಿಸ್, ಉಳಿದ ದಿನ ಹೊಲಿಗೆ ಯಂತ್ರ. ತಟ್ಟೆಯ ಮುಂದೆ ಕೂತರೆ ಹೊಟ್ಟೆ ತೊಳಸುತ್ತಿತ್ತು. ಕಿಡ್ನಿ ಹೋದವರಿಗೆ ಇದೆಲ್ಲ ಇದ್ದದ್ದೇ ಎಂದು ಸುಮ್ಮನಿದ್ದಳು. ಕೊನೆಗೆ ಡಾಕ್ಟರು ಗಂಟಲಿಂದ ನಳಿಕೆ ಇಳಿಸಿ ನೋಡಿದಾಗ ಜಠರದಲ್ಲಿ ಹುಣ್ಣು ಕಂಡಿತು. ಅದಕ್ಕೆ ಕಾರಣ ಒಂದು ರೋಗಾಣು. ಅದು ಪೂರ್ತಿ ತೊಲಗುವವರೆಗೆ ಕಿಡ್ನಿ ಕಸಿ ಇಲ್ಲ ಎಂದುಬಿಟ್ಟರು. ಕಿಡ್ನಿ ಕೊಡಲಿದ್ದ ಅಕ್ಕ, ಶಾಲೆಯ ಟೀಚರು, ರಜೆ ಬರೆದುಕೊಟ್ಟು ತುದಿಗಾಲಲ್ಲಿ ನಿಂತಿದ್ದಳು.

ಎರಡು ವಾರ ಔಷಧಿ ನುಂಗಿ, ತಿಂಗಳು ಕಾದು, ಉಸಿರಿನಲ್ಲೇ ರೋಗಾಣು ಪತ್ತೆಹಚ್ಚುವ ಪರೀಕ್ಷೆಗೆ ಆಸ್ಪತ್ರೆಯಲ್ಲಿ ಚೀಲಕ್ಕೆ ಉಸಿರು ಊದಿ ಬಂದಳು. ರೋಗಾಣು ಇಲ್ಲ ಎಂದಿತು ವರದಿ. ಅಕ್ಕ ಕಾರಿಡಾರಿನಲ್ಲೇ ಅವಳನ್ನು ತಬ್ಬಿಕೊಂಡಳು.

ಮನೆಗೆ ಬಂದು ವರದಿಯನ್ನು ಫೈಲಿಗೆ ಸೇರಿಸುವಾಗ ಅವಳು ಆಸ್ಪತ್ರೆಯ ಸೂಚನೆಯ ಹಾಳೆಯನ್ನು ಮೊದಲ ಸಲ ಓದಿದಳು. ಪರೀಕ್ಷೆಗೆ ಮುಂಚೆ ಎರಡು ವಾರ ಆಸಿಡಿಟಿ ಮಾತ್ರೆ ಮುಟ್ಟಬಾರದು. ಮುಟ್ಟಿದರೆ ರೋಗಾಣು ಇದ್ದರೂ ಇಲ್ಲವೆಂದು ಬರಬಹುದು. ವಾರದ ಮಾತ್ರೆಗಳನ್ನು ಡಬ್ಬಿಗೆ ತುಂಬುವುದು ಅಕ್ಕ. ಕಣ್ಣುಮುಚ್ಚಿ ಹಿಡಿಗಟ್ಟಲೆ ನುಂಗುವುದು ಇವಳು. ಕೇಳಿದರೆ ಅಕ್ಕ ಮೊದಲು ಜಾರಿಕೊಂಡಳು. ಆಮೇಲೆ, ಅದೇನು ದೊಡ್ಡ ಮಾತ್ರೆಯೇ, ನಿನ್ನ ಹೊಟ್ಟೆ ಉರಿಯದಿರಲಿ ಅಂತ ಹಾಕಿದೆ ಎಂದಳು. ಯಾರಿಗೂ ಹೇಳಬೇಡ, ಸಿಕ್ಕ ರಜೆ ಮತ್ತೆ ಸಿಗುವುದಿಲ್ಲ ಎಂದು ಗೋಗರೆದಳು.

"ಅಳತೆ ತಪ್ಪಿದೆ ಅಂತ ಗೊತ್ತಿದ್ದೂ ಕತ್ತರಿ ಹಾಕ್ಲಾ? ಅದೂ ನಿನ್ನ ಬಟ್ಟೆಗೆ?" ಎಂದಳು ತಂಗಿ. "ಕಿಡ್ನಿ ನಿಂದು ಕಣಕ್ಕ. ನನ್ನ ಹೊಟ್ಟೇಲಿ ಕೆಟ್ಟರೆ ಇನ್ನೊಂದು ಎಲ್ಲಿಂದ ತರ್ತೀಯ?"

ತಂಗಿ ಆಸ್ಪತ್ರೆಗೆ ಫೋನು ಮಾಡಿ ಮಾತ್ರೆಯ ವಿಷಯ ಹೇಳಿದಳು. ಎರಡು ವಾರ ಅದನ್ನು ಬಿಟ್ಟು ಮತ್ತೆ ಊದಲು ಬನ್ನಿ ಎಂದರು.

ಮಾತ್ರೆಯಿಲ್ಲದ ಆ ಎರಡು ವಾರ ಎದೆಯವರೆಗೂ ಉರಿ. ನೀರು ಕುಡಿದು ತಣಿಸಿಕೊಳ್ಳೋಣವೆಂದರೆ ದಿನಕ್ಕಿಷ್ಟೇ ಎಂದು ಅಳೆದಿಟ್ಟ ನೀರು. ಹಲ್ಲುಕಚ್ಚಿ ಹನ್ನೊಂದು ಸಮವಸ್ತ್ರ ಹೊಲಿದಳು.

ಮತ್ತೆ ಊದಿದಳು. ಈ ಸಲವೂ ರೋಗಾಣು ಇಲ್ಲ. ಡಾಕ್ಟರು ಅಲ್ಲೇ ಕಸಿಯ ತಾರೀಖು ಬರೆದುಕೊಟ್ಟರು.

"ನಮ್ಮ ಮನೇಲಿ ಒಂದೇ ಪರೀಕ್ಷೇನ ಎರಡು ಸಲ ಪಾಸು ಮಾಡಿದೋಳು ನೀನೊಬ್ಬಳೇ ಕಣೆ," ಎಂದಳು ಅಕ್ಕ, ಕಣ್ಣೊರೆಸಿಕೊಳ್ಳುತ್ತ.

"ಮೊದಲ್ನೇ ಸಲ ಕಾಪಿ ಹೊಡೆಸಿದ್ದು ಟೀಚರಮ್ಮನೇ ಅಲ್ವಾ."

ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದು, ಲಿಫ್ಟಿಗೆ ಕಾಯದೆ ಟೈಲರಮ್ಮ ದಡದಡ ಮೆಟ್ಟಿಲಿಳಿದಳು. ನಿಧಾನ, ಬಿದ್ದೀಯೆ ಎಂದು ಗದರುತ್ತ ಅಕ್ಕ ಹಿಂದೆಯೇ ಓಡಿದಳು.