ನಿನ್ನೆ ಮೇಯಿಸಿದವರು ಯಾರು

ರಂಗಂಪೇಟೆಯಿಂದ ಯಾದಗಿರಿ ಸ್ಟೇಷನ್ನಿಗೆ ಹೋಗುವ ಸಾಬಣ್ಣನ ಬಾಡಿಗೆ ಕಾರಿನಲ್ಲಿ ಐದು ಜನ ಕೂರಬಹುದಿತ್ತು. ಸಾಬಣ್ಣ ಏಳು ಜನರನ್ನು ಕೂರಿಸುತ್ತಿದ್ದ. ಅಂದು ಬೆಳಿಗ್ಗೆ ಏಳನೆಯವಳಾಗಿ ಹತ್ತಿದವಳು ತತ್ತಿ ಮಾರುವ ಮುದುಕಿ ಕಲ್ಯಾಣಮ್ಮ. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಪಕ್ಕದವರನ್ನು ಮೊಣಕೈಯಿಂದ ಸರಿಸಿ ಜಾಗ ಮಾಡಿಕೊಂಡಳು.

ಶಹಾಪುರದ ಗುಡ್ಡದ ಬದಿಯ ಏರು ಬರುತ್ತಲೇ ಇಂಜಿನ್ನಿನೊಳಗಿಂದ ಟಕಟಕ ಸದ್ದು ಶುರುವಾಯಿತು.

"ಯಾಕೋ ಸಾಬಣ್ಣ, ಒಳಗ ಕಡ್ಲಿ ಹುರಿಯಾಕತ್ತೀ ಏನು?" ಎಂದಳು ಕಲ್ಯಾಣಮ್ಮ.

"ನಿನ್ನ ತತ್ತಿ ಹುರೀತೇನಿ, ಸುಮ್ನ ಕೂಡಬೇ."

ಎಲ್ಲರೂ ನಕ್ಕರು. ಸಾಬಣ್ಣನೂ ನಕ್ಕ. ಆದರೆ ಅವನ ಕಿವಿ ಇಂಜಿನ್ನಿನ ಮೇಲೆಯೇ ಇತ್ತು. ಮೂರು ವಾರದಿಂದ ಈ ಸದ್ದು. ಕೆಲವು ದಿನ ಇರುತ್ತದೆ, ಕೆಲವು ದಿನ ಇರುವುದಿಲ್ಲ, ಮತ್ತೆ ಬರುತ್ತದೆ.

ಈ ಕಾರು ಮೊದಲು ಒಬ್ಬ ಜಾಗೀರದಾರನದು. ಜಾಗೀರುಗಳೆಲ್ಲ ಹೋದ ಮೇಲೆ ಆತ ಹೈದರಾಬಾದಿನಲ್ಲಿ ಅದನ್ನು ಮಾರಾಟಕ್ಕಿಟ್ಟಿದ್ದ. ಆತ ಕೊಂಡು ಎರಡು ವರ್ಷವೂ ಆಗಿರದ, ಹೊಸ ನಮೂನೆಯ ಗಾಡಿ. ಸಾಬಣ್ಣ ಮತ್ತು ಅವನ ಅಣ್ಣ ದೇವಿಂದ್ರ ಅಪ್ಪನ ಕಾಲದ ಕುರಿ ಹಿಂಡನ್ನು ಪೂರ್ತಿ ಮಾರಿ ಅದನ್ನು ತಂದಿದ್ದರು. ಹಟ್ಟಿಯಲ್ಲಿ ಒಂದು ಮರಿಯನ್ನೂ ಉಳಿಸಿಕೊಂಡಿರಲಿಲ್ಲ. ದಿನ ಬಿಟ್ಟು ದಿನ ಒಬ್ಬೊಬ್ಬರು ಓಡಿಸುವುದು, ಓಡಿಸಿದವರೇ ಸಂಜೆ ಪೆಟ್ರೋಲು ತುಂಬಿ ನಿಲ್ಲಿಸುವುದು ಎಂದು ಮಾತಾಗಿತ್ತು. ಎರಡು ಮನೆಯ ಒಲೆ ಉರಿಯುತ್ತಿದ್ದುದು ಈ ಒಂದು ಕಾರಿನಿಂದ.

ಯಾದಗಿರಿ ಇನ್ನು ಎರಡು ಮೈಲಿ ಇರುವಾಗ ಟಕಟಕ ಜೋರಾಗಿ, ಒಮ್ಮೆ ಢಣ್ಣೆಂದು, ನೀಲಿ ಹೊಗೆ ಬಿಟ್ಟು ಕಾರು ನಿಂತಿತು. ಹೊಲದಲ್ಲಿದ್ದ ಒಬ್ಬರ ಎತ್ತುಗಳನ್ನು ಹೂಡಿ ಎಳೆಸಬೇಕಾಯಿತು. ಎತ್ತಿನ ಹಿಂದೆ ಕಾರು, ಕಾರಿನ ಹಿಂದೆ ಬೈಯುತ್ತ ನಡೆದ ಏಳು ಜನ. ಸ್ಟೇಷನ್ನಿನ ಬಯಲಲ್ಲಿ ಇದ್ದವರೆಲ್ಲ ಎದ್ದು ನಿಂತು ನೋಡಿದರು.

ಆ ಬಯಲಿನ ಅಂಚಿನಲ್ಲೇ ಮನ್ಸೂರಅಲಿಯ ತಗಡಿನ ಶೆಡ್ಡು. ಸುತ್ತಿನ ಮೂರು ತಾಲೂಕಿನಲ್ಲಿ ಕಾರು ಬಿಚ್ಚಿ ಕಟ್ಟಬಲ್ಲ ಉಸ್ತಾದ ಅವನೊಬ್ಬನೇ. ಆರು ವರ್ಷದ ಹಿಂದೆ, ಹೈದರಾಬಾದಿನ ಪೊಲೀಸ್ ಕಾರ್ಯಾಚರಣೆಯಾಗಿ ಮುಸಲ್ಮಾನರ ಮನೆಗಳ ಮೇಲೆ ದಾಳಿ ನಡೆದ ದಿನಗಳಲ್ಲಿ, ಅವನನ್ನೂ ಅವನ ಹೆಂಡತಿ ಮಕ್ಕಳನ್ನೂ ಸಾಬಣ್ಣ ನಾಲ್ಕು ದಿನ ಕುರಿಹಟ್ಟಿಯಲ್ಲಿ ಕಂಬಳಿ ಹೊದಿಸಿ ಅಡಗಿಸಿಟ್ಟಿದ್ದ. ಆಮೇಲೆ ಸಾಬಣ್ಣನಿಗೆ ಸ್ಟೀರಿಂಗ್ ಹಿಡಿಯುವುದನ್ನು ಕಲಿಸಿದವನು ಮನ್ಸೂರಅಲಿ. ಸಾಬಣ್ಣ ಬಂದ ದಿನವೆಲ್ಲ ಮೊದಲು ಚಹಾ, ಆಮೇಲೆ ಮಾತು.

ಮನ್ಸೂರಅಲಿ ಬಾನೆಟ್ ಎತ್ತಿ, ಇಂಜಿನ್ನಿನ ತಲೆಯ ಭಾಗ ಬಿಚ್ಚಿ, ಒಂದು ಪಿಸ್ಟನ್ ತೋರಿಸಿದ. ಗೆದ್ದಲು ತಿಂದ ಹಲಗೆಯಂತೆ ಅದರ ನೆತ್ತಿ ತೂತಾಗಿತ್ತು.

"ಪೆಟ್ರೋಲ್ ಸರಿಯಿಲ್ಲ ಸಾಬಣ್ಣ. ಯಾರೋ ದೀಪದ ಚಿಮಣಿ ಎಣ್ಣಿ ಕೂಡಿಸ್ಯಾರ."

"ನನ್ನ ಪೆಟ್ರೋಲಿಗೇನಾಗ್ಯದ? ಮೂರು ವಾರದ ಹಿಂದ ಇದೇ ತಲಿ ಬಿಚ್ಚಿ ಮಸಿ ಕೆರೆದಾಂವ ನೀನು. ಆವಾಗಿಂದ ಈ ಸಪ್ಪಳ."

"ನಾ ಕೆರೆದದ್ದಕ್ಕ ತೂತು ಬೀಳಂಗಿಲ್ಲೋ. ಈ ಇಂಜಿನ್ ಹಳೇ ಗಾಡಿಯಂಗಲ್ಲ. ಒಳಗಿನ ಆವೀನ ಬಾಳ ಬಿಗಿಯಾಗಿ ಒತ್ತತದ. ಹಲಕಾ ಎಣ್ಣಿ ಹಾಕಿದ್ರ ವ್ಯಾಳ್ಯಾಕ್ಕಿಂತ ಮೊದಲ ಹೊತ್ತಿ ಬಿಡತದ. ಪಿಸ್ಟನ್ ತಲಿಮ್ಯಾಲ ಸುತ್ತಿಗಿ ಬಡದಂಗ. ಆ ಟಕಟಕ ಅದೇ."

ಸುತ್ತ ಜನ ಸೇರಿದ್ದರು. ಸ್ಟೇಷನ್ನಿಗೆ ಬಂದಿದ್ದ ದೇವಿಂದ್ರನೂ ಗುಂಪಿನಲ್ಲಿದ್ದ. ಹಿಂದಿನಿಂದ ಯಾರೋ, "ಒಳಗಿನ ಚಲೋ ಸಾಮಾನು ಎಬ್ಬಿಸಿ ಹಳೇದು ಕೂಡಿಸಿರಬೇಕು. ಇವರನ್ನ ನಂಬತಾರೇನು?" ಎಂದ.

ಸಾಬಣ್ಣ ಅಣ್ಣನ ಮುಖ ನೋಡಿದ. "ಏನಂತೀ ಅಣ್ಣ?"

ದೇವಿಂದ್ರ ನೆಲ ನೋಡಿದ. "ಇದ್ದರೂ ಇರಬಹುದು" ಎಂದ.

ಅಷ್ಟು ಸಾಕಾಯಿತು. ಸಾಬಣ್ಣ ಮನ್ಸೂರಅಲಿಯ ಕೊರಳಪಟ್ಟಿ ಹಿಡಿದ. "ನನ್ನ ಹಿಂಡು ತಿಂದಿ ನೀ! ನಿನ್ನ ನಮ್ಮ ಹಟ್ಟ್ಯಾಗ ಮುಚ್ಚಿಟ್ಟದ್ದಕ್ಕ ಇದೇನು ಇನಾಮು?"

ಮನ್ಸೂರಅಲಿ ಕೈ ಬಿಡಿಸಿಕೊಳ್ಳಲಿಲ್ಲ. ಸಾಬಣ್ಣ ತಾನಾಗಿ ಬಿಡುವತನಕ ನಿಂತಿದ್ದ. ಆಮೇಲೆ ಅಂಗಿ ಸರಿಮಾಡಿಕೊಂಡು, "ಗಾಡಿ ಇಲ್ಲೇ ಇರಲಿ. ನಾ ಮುಟ್ಟಂಗಿಲ್ಲ. ಗುಲಬರ್ಗಾದಿಂದ ಬ್ಯಾರೆ ಯಾರನ್ನರೆ ಕರಕೊಂಡು ಬಾ" ಎಂದು ಶೆಡ್ಡಿನ ಬಾಗಿಲು ಎಳೆದುಕೊಂಡ. ಆ ಮಧ್ಯಾಹ್ನವೇ ರಿಪೇರಿಗೆಂದು ಬಂದು ನಿಂತಿದ್ದ ಒಂದು ಲಾರಿ, ಈ ಕಳ್ಳತನದ ಮಾತು ಕೇಳಿ ಹಾಗೇ ತಿರುಗಿ ಹೋಯಿತು.

ಸಂಜೆ ಯಾರದೋ ಲಾರಿ ಹತ್ತಿ ರಂಗಂಪೇಟೆಯ ಮನೆಗೆ ಬಂದ ಸಾಬಣ್ಣ ಹೆಂಡತಿ ಭೀಮವ್ವನ ಮುಂದೆ ಎಲ್ಲವನ್ನೂ ಹೇಳಿದ. ಅವಳು ರೊಟ್ಟಿ ಬಡಿಯುತ್ತಲೇ ಕೇಳಿದಳು. ಹಿಂಡು ಮಾರಿದ ದಿನ ಅವಳು ಖಾಲಿ ಹಟ್ಟಿಯನ್ನು ಒಂದು ಸಲ ಗುಡಿಸಿ ಬಂದಿದ್ದಳು, ಅಷ್ಟೆ.

"ಕುರಿ ಹೊಟ್ಟಿ ಉಬ್ಬಿ ಬಿದ್ದಾಗ ನಿಮ್ಮಪ್ಪ ಮೊದಲ ಏನ ಕೇಳತಿದ್ದ?" ಎಂದಳು.

"ಏನು?"

"ನಿನ್ನಿ ಯಾರು ಮೇಯಿಸಿದ್ರಿ, ಎಲ್ಲಿ ಮೇಯಿಸಿದ್ರಿ ಅಂತ. ಔಷಧಿ ಕೊಟ್ಟಾಂವನ ಮ್ಯಾಲ ಯಾವತ್ತೂ ಹೋಗತಿರಲಿಲ್ಲ. ನೀವು ಕೇಳಿದಿರೇನು?"

ಸಾಬಣ್ಣನ ಕೈಯಲ್ಲಿದ್ದ ರೊಟ್ಟಿಯ ತುಂಡು ಹಾಗೇ ಉಳಿಯಿತು. ಸದ್ದು ಬಂದ ದಿನಗಳನ್ನು ಒಂದೊಂದಾಗಿ ನೆನಪಿಸಿಕೊಂಡ. ಸುರಪುರದ ಸಂತೆಗೆ ಹೋದ ದಿನ. ಮದುವೆ ಬಾಡಿಗೆಗೆ ಬಳಿಚಕ್ರಕ್ಕೆ ಹೋದ ದಿನ. ಇವತ್ತು. ಪ್ರತಿಸಲವೂ ಅದರ ಹಿಂದಿನ ದಿನ ಕಾರು ಅಣ್ಣನ ಕೈಯಲ್ಲಿತ್ತು. ಅಣ್ಣನೇ ತುಂಬಿಸಿ ನಿಲ್ಲಿಸಿದ್ದ. ಅಣ್ಣ ಊರಲ್ಲಿಲ್ಲದಾಗ ತಾನೇ ತುಂಬಿಸಿ ಮರುದಿನವೂ ತಾನೇ ಓಡಿಸಿದ ದಿನಗಳಲ್ಲಿ ಸದ್ದಿರಲಿಲ್ಲ.

ಬೆಳಗಾಗುತ್ತಲೇ ಅವನು ದೇವಿಂದ್ರನ ಹಿತ್ತಲಿಗೆ ಹೋದ. ಪೆಟ್ರೋಲಿನ ಡಬ್ಬಿಗಳ ಹಿಂದೆ, ಗೋಣಿಚೀಲದ ಕೆಳಗೆ, ಚಿಮಣಿ ಎಣ್ಣೆಯ ಎರಡು ಡಬ್ಬಿ. ಒಂದು ಖಾಲಿ, ಒಂದು ಅರ್ಧ. ಪಕ್ಕದಲ್ಲಿ ಅಳತೆಗೆಂದು ಒಂದು ತಂಬಿಗೆ. ಅವ್ವ ಹಾಲು ಅಳೆಯುತ್ತಿದ್ದ ತಂಬಿಗೆ.

ಬೇವಿನಕಡ್ಡಿ ಕಚ್ಚಿಕೊಂಡು ಬಂದ ದೇವಿಂದ್ರ, ತಮ್ಮನನ್ನು ನೋಡಿ ನಿಂತ.

"ಏನಿದು ಅಣ್ಣ?"

"ಜಗತ್ತಿನ ದೊಡ್ಡ ಲಡಾಯಿ ಕಾಲದಾಗ ದೇಶಮುಖರ ಗಾಡಿ ಓಡಿಸಿದಾಂವ ನಾನು. ಪೆಟ್ರೋಲ್ ಎಲ್ಲಿತ್ತೋ ಆವಾಗ? ಅರ್ಧ ಚಿಮಣಿ ಎಣ್ಣಿ ಹಾಕಿ ಹೈದರಾಬಾದ ಮುಟ್ಟಿಸೀನಿ. ಏನೂ ಆಗಲಿಲ್ಲ. ಇದಕ್ಕೂ ಆಗಂಗಿಲ್ಲ ಅಂದಕೊಂಡು ಮೂರು ವಾರದಿಂದ ಕೂಡಸಾಕತ್ತಿದ್ದೆ."

"ನಾವು ಕಾರ ತಂದ ದಿನಾನ ಉಸ್ತಾದ ಹೇಳಿದ್ನಲ್ಲ, ಇದು ಬಿಗಿ ಇಂಜಿನ್, ಕೂಡಿಸಬ್ಯಾಡ್ರಿ ಅಂತ."

"ನಿನ್ನಿ ಮೊನ್ನಿ ಹುಟ್ಟಿದ ಗಾಡೀಗೆ ಏನ ನಾಜೂಕು ಅಂತ ನಕ್ಕೆ. ತಪ್ಪಾತು. ಉಳಿದ ರೊಕ್ಕ ನಿನಗ ಹೇಳಿ ಕೊಡಬೇಕಂತ ಇದ್ದೆ."

"ಯಾವಾಗ?"

ದೇವಿಂದ್ರ ಗೋಣಿಚೀಲವನ್ನು ಮತ್ತೆ ಡಬ್ಬಿಗಳ ಮೇಲೆ ಎಳೆಯಲು ಬಗ್ಗಿದ.

"ಅದೂ ಹೋಗಲಿ" ಎಂದ ಸಾಬಣ್ಣ. ಅವನ ದನಿ ಏರಲಿಲ್ಲ. "ಎಣ್ಣಿ ಹಾಕಿದ್ದು ತಿಳಿಲಾರದಕ್ಕ ಅಂತೇನಿ. ಆದ್ರ ನಿನ್ನಿ ನಾ ಅವನ ಕೊರಳಪಟ್ಟಿ ಹಿಡದಾಗ ನೀ ನನ್ನ ಬಾಜೂಕ ಇದ್ದಿ. ನಿನ್ನ ಕೇಳೇ ಹಿಡದೆ. ಇದ್ದರೂ ಇರಬಹುದು ಅಂದಿ. ಅದು ತಿಳಿಲಾರದಕ್ಕೇನು?"

"ಅಷ್ಟು ಮಂದ್ಯಾಗ ಹೆಂಗ ಒಪ್ಪಿಕೊಳ್ಳಲಿ? ಮರ್ಯಾದಿ..."

"ನಿನ್ನ ಮರ್ಯಾದಿ ಉಳಿಸಾಕ ಅವಂದು ಕಳದೆ ನಾನು. ಬಾ, ಹೋಗಾಣು."

"ಎಲ್ಲಿಗೆ?"

"ಅದೇ ಮಂದ್ಯಾಗ."

ದೇವಿಂದ್ರ ಬರಲಾರೆ ಎಂದ. ಜ್ವರ ಎಂದ. ಕೊನೆಗೆ ತಮ್ಮ ಅರ್ಧ ಡಬ್ಬಿಯನ್ನು ಹೆಗಲಿಗೇರಿಸಿ ಹೊರಟದ್ದನ್ನು ನೋಡಿ, ಹಿಂದೆ ಹಿಂದೆ ನಡೆದ.

ದಾರಿಯಲ್ಲಿ ಸಿಕ್ಕ ಲಾರಿ ಹತ್ತಿ ಅವರು ಯಾದಗಿರಿ ಮುಟ್ಟಿದಾಗ ಮದ್ರಾಸಿನ ಕಡೆಯ ರೈಲು ಬರುವ ಹೊತ್ತು. ಬಯಲು ತುಂಬಿತ್ತು. ಸಾಬಣ್ಣ ಚಿಮಣಿ ಎಣ್ಣೆಯ ಡಬ್ಬಿಯನ್ನು ಶೆಡ್ಡಿನ ಮುಂದೆ ಇಳಿಸಿ, ತಲೆಯ ಬಿಳಿ ರುಮಾಲು ಬಿಚ್ಚಿದ. ಮಂದಿಯ ನಡುವೆ ಅವನ ಬರಿತಲೆಯನ್ನು ಅದುವರೆಗೆ ಯಾರೂ ಕಂಡಿರಲಿಲ್ಲ.

"ಉಸ್ತಾದ, ಒಂದು ಹನಿ ಚಲೋ ಪೆಟ್ರೋಲ್ ಕೊಡು."

ಮನ್ಸೂರಅಲಿ ಒಳಗಿನಿಂದ ಸಣ್ಣ ಡಬ್ಬಿ ತಂದು ನೆಲಕ್ಕಿಟ್ಟ. ಕೈಗೆ ಕೊಡಲಿಲ್ಲ. ಸಾಬಣ್ಣ ರುಮಾಲಿನ ಒಂದು ತುದಿಗೆ ಅದರ ಹನಿ ಹಾಕಿದ, ಇನ್ನೊಂದು ತುದಿಗೆ ತನ್ನ ಕಾರಿನ ಟ್ಯಾಂಕಿನಿಂದ ತೆಗೆದದ್ದು. ಎರಡನ್ನೂ ಬಿಸಿಲಿಗೆ ಹಿಡಿದ. ಮೊದಲನೆಯದು ನೋಡುನೋಡುತ್ತ ಆರಿಹೋಯಿತು. ಎರಡನೆಯದು ಜಿಡ್ಡಾಗಿ, ಅಂಗೈಯಗಲ ಹರಡಿ ಕೂತಿತು.

"ನಿನ್ನಿ ಇಲ್ಲಿದ್ದವರು ಕೇಳ್ರಿ" ಎಂದ. "ಚಿಮಣಿ ಎಣ್ಣಿ ಕೂಡಿಸಿದಾತ ನಮ್ಮಣ್ಣ ದೇವಿಂದ್ರ. ಉಸ್ತಾದನ ಕೊರಳಪಟ್ಟಿ ಹಿಡದಾಂವ ನಾನು. ಉಸ್ತಾದ ಖರೇ ಹೇಳಿದ್ದ."

ಹಿಂದಿನ ದಿನ "ಇವರನ್ನ ನಂಬತಾರೇನು" ಎಂದಿದ್ದವನು ಗುಂಪಿನಲ್ಲೇ ಇದ್ದ. ಅವನು ಬೀಡಿ ಹಚ್ಚಲು ಹೋಗಿ, ಪೆಟ್ರೋಲಿನ ಡಬ್ಬಿ ನೋಡಿ, ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಮೆಲ್ಲಗೆ ಸರಿದ. ದೇವಿಂದ್ರ ಬೇವಿನ ಮರಕ್ಕೆ ಬೆನ್ನು ಕೊಟ್ಟು ನಿಂತಿದ್ದ. ಎಲ್ಲರೂ ತನ್ನ ಕಡೆ ತಿರುಗಿದಾಗ ತಲೆಯಲ್ಲಾಡಿಸಿದ. "ಹೌದು" ಎಂದ ಅವನ ದನಿ ಹತ್ತಿರದವರಿಗಷ್ಟೇ ಕೇಳಿಸಿತು.

ಮನ್ಸೂರಅಲಿ ಬಹಳ ಹೊತ್ತು ಆ ಜಿಡ್ಡಿನ ಗುರುತನ್ನೇ ನೋಡಿದ. ಆಮೇಲೆ, "ಹೈದರಾಬಾದಿಂದ ಪಿಸ್ಟನ್ ತರಿಸಬೇಕು. ಹತ್ತು ಹನ್ನೆರಡು ದಿನ" ಎಂದಷ್ಟೇ ಹೇಳಿ ಒಳಗೆ ಹೋದ. ಚಹಾಕ್ಕೆ ಕರೆಯಲಿಲ್ಲ.

ಆ ಹನ್ನೆರಡು ದಿನವೂ ಸಾಬಣ್ಣ ಶೆಡ್ಡಿನಲ್ಲೇ ದುಡಿದ. ಬೋಲ್ಟು ತೊಳೆದ, ನೀರು ಹೊತ್ತ. ಅವನು ಏನು ಕೊಡಹೋದರೂ ಮನ್ಸೂರಅಲಿ ನೆಲಕ್ಕಿಡಿಸಿ ಆಮೇಲೆ ಎತ್ತಿಕೊಳ್ಳುತ್ತಿದ್ದ. ತಿರುಗಿ ಹೋಗಿದ್ದ ಲಾರಿಯ ಮಾಲೀಕನ ಮನೆಗೆ ಹೋಗಿ, ನಡೆದದ್ದು ಹೇಳಿ, ಲಾರಿಯನ್ನು ಮತ್ತೆ ಕರೆಸಿದ. ತಲೆಗೆ ಅದೇ ರುಮಾಲು, ಜಿಡ್ಡಿನ ಗುರುತು ಹಣೆಯ ಮೇಲೆ ಬರುವ ಹಾಗೆ ಸುತ್ತಿರುತ್ತಿದ್ದ. ನಡುವೆ ಮನೆಗೆ ಹೋದಾಗ ಒಗೆಯಲೆಂದು ಭೀಮವ್ವ ಎರಡು ಸಲ ಕೈ ಚಾಚಿದಳು, ಅವನು ಕೊಡಲಿಲ್ಲ.

ಪಿಸ್ಟನ್ ಕೂಡಿಸುವ ದಿನ ಕಲ್ಯಾಣಮ್ಮ ಬುಟ್ಟಿ ಹೊತ್ತು ಬಂದಳು.

"ಏನೋ ಸಾಬಣ್ಣ, ನಿನ್ನ ತಲಿಗೆ ಕಡ್ಡಿ ಗೀರಿದ್ರ ಚಿಮಣಿ ಹತ್ತಿದಂಗ ಹತ್ತತೀ ನೋಡು. ರುಮಾಲು ಒಗಿಸಬಾರದೇನು?"

"ಉಸ್ತಾದ ಚಹಾಕ್ಕ ಕರದ ದಿನ ಒಗಿಸ್ತೇನಿಬೇ."

ಕಾರಿನ ಕೆಳಗೆ ಮಲಗಿದ್ದ ಮನ್ಸೂರಅಲಿಗೆ ಅದು ಕೇಳಿಸಿತು. ಬೋಲ್ಟು ತಿರುಗಿಸುತ್ತಿದ್ದ ಅವನ ಪಾನಾದ ಸದ್ದು ನಿಂತಿತು. ಆಮೇಲೆ ಎಣ್ಣೆಗಪ್ಪಾದ ಒಂದು ಕೈ ಕೆಳಗಿನಿಂದ ಹೊರಗೆ ಬಂತು.

"ಸಣ್ಣ ಪಾನಾ ಕೊಡು."

ಸಾಬಣ್ಣ ಕೊಟ್ಟ. ಈ ಸಲ ಮನ್ಸೂರಅಲಿ ಅದನ್ನು ನೆಲಕ್ಕಿಡಿಸಲಿಲ್ಲ. ಕೈಯಿಂದ ಕೈಗೆ ತೆಗೆದುಕೊಂಡ.