ಮೆಟ್ಟಿಲಿಲ್ಲದ ಸಮುದ್ರ

ತುಂಗಮ್ಮ ಹೋದ ಸುದ್ದಿ ಬಂದ ಬೆಳಿಗ್ಗೆ, ಡಬ್ಲಿನ್ ಪಕ್ಕದ ಸ್ವೋರ್ಡ್ಸ್‌ನ ಮನೆಯಲ್ಲಿ ಅಳಿಯ ಶಶಾಂಕ ತನ್ನ ಅತ್ತೆ ವಸುಂಧರಮ್ಮನಿಗೆ ಸ್ವತಂತ್ರ ಪ್ರವಾಸದ ಮಹಿಮೆಯನ್ನು ಬೋಧಿಸುತ್ತಿದ್ದ. ಲ್ಯಾಪ್‌ಟಾಪಿನಲ್ಲಿ ಐರ್ಲೆಂಡಿನ ನಕ್ಷೆ ಇತ್ತು. ಅದರ ತುಂಬ ಬಣ್ಣದ ಗುರುತುಗಳು. ಕಾಫಿಗೊಂದು ಬಣ್ಣ, ಕಾಲು ಚಾಚುವುದಕ್ಕೊಂದು ಬಣ್ಣ, ‘ಸುಮ್ಮನೆ ಅಲೆಯುವುದು’ ಎಂಬುದಕ್ಕೂ ಒಂದು ಬಣ್ಣ ಮತ್ತು ನಿಗದಿಯಾದ ವೇಳೆ. ಯಾರ ಹಂಗೂ ಇಲ್ಲದೆ ತಿರುಗುವುದಕ್ಕೆ ಇಷ್ಟೊಂದು ಶಿಸ್ತು ಬೇಕೆಂದು ವಸುಂಧರಮ್ಮನಿಗೆ ಅಂದಿನವರೆಗೆ ತಿಳಿದಿರಲಿಲ್ಲ.

“ಟೂರ್ ಬಸ್ಸು ಅಂದ್ರೆ ಕುರಿಮಂದೆ, ಅತ್ತೆ. ಅವ್ರು ನಿಲ್ಲು ಅಂದಾಗ ನಿಲ್ಬೇಕು, ಹೊರಡು ಅಂದಾಗ ಹೊರಡ್ಬೇಕು,” ಎಂದ ಶಶಾಂಕ.

“ನಿನ್ನ ಪ್ಲ್ಯಾನಲ್ಲಿ ನೀನು ಅಂದಾಗ ನಿಲ್ಬೇಕು, ನೀನು ಅಂದಾಗ ಹೊರಡ್ಬೇಕು. ಕುರುಬ ಮಾತ್ರ ಬೇರೆ,” ಎಂದಳು ಮಗಳು ಶರ್ಮಿಳಾ, ಬ್ರೆಡ್ಡಿಗೆ ಬೆಣ್ಣೆ ಸವರುತ್ತ.

ಅಷ್ಟರಲ್ಲಿ ಮೈಸೂರಿನಿಂದ ಫೋನ್ ಬಂತು. ತುಂಗಮ್ಮನ ಮಗ ಶ್ರೀಹರ್ಷ “ಚಿಕ್ಕಮ್ಮಾ” ಎಂದ. ಆ ದನಿಯಲ್ಲೇ ವಸುಂಧರಮ್ಮನಿಗೆ ಸುದ್ದಿ ತಿಳಿಯಿತು.

ಅಕ್ಕ ರಾತ್ರಿ ಮಲಗಿದವರು ಏಳಲಿಲ್ಲವಂತೆ. ಐರ್ಲೆಂಡಿಗೆ ಬರಲು ವೀಸಾ ಬಂದಿತ್ತು. ಸೂಟ್‌ಕೇಸು ಮಂಚದ ಪಕ್ಕದಲ್ಲಿ ಬಾಯಿ ತೆರೆದುಕೊಂಡೇ ಇತ್ತಂತೆ. ಬದುಕಿರುವವರೆಗೆ ತುಂಗಮ್ಮ ಹೇಳಿದ ಹೊತ್ತಿಗೆ ಎಲ್ಲಿಗೂ ಹೊರಟವರಲ್ಲ. ಇದೊಂದು ಪ್ರಯಾಣಕ್ಕೆ ಮಾತ್ರ ಯಾರನ್ನೂ ಕಾಯಿಸದೆ ಮುಂಚಿತವಾಗಿ ಹೊರಟುಬಿಟ್ಟರು.

ಮನೆಯಲ್ಲಿ ಅಷ್ಟು ದಿನ ನಡೆದ ವಾದವೆಲ್ಲ ಅವರಿಗಾಗಿಯೇ. ಅಕ್ಕ ಬಂದ ಮೇಲೆ ಪಶ್ಚಿಮದ ಸಮುದ್ರ ತೋರಿಸಲು ಟೂರ್ ಬಸ್ಸಿನಲ್ಲಿ ಹೋಗುವುದೋ, ಶಶಾಂಕನ ಕಾರಿನಲ್ಲಿ ಹೋಗುವುದೋ? ತುಂಗಮ್ಮ ಹುಟ್ಟಾ ಬಸ್ಸಿನ ಪಕ್ಷ. ಕಾಶಿ, ರಾಮೇಶ್ವರ, ಗೋಕರ್ಣ, ಎಲ್ಲವನ್ನೂ ಅವರು ಅಡುಗೆಯವರ ಸಮೇತ ಹೊರಡುವ ಯಾತ್ರಾ ಬಸ್ಸಿನಲ್ಲೇ ಮುಗಿಸಿದ್ದರು. ಹೋದಲ್ಲೆಲ್ಲ ಮುಳುಗಿ ಏಳಬೇಕು. ಮುಳುಗದ ನೀರನ್ನು ಅವರು ನೋಡಿದ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಮುಳುಗಿದ ಮೇಲೆ ಜಪ, ಜಪದ ಮೇಲೆ ಸೀರೆ ಒಣಗಿಸುವುದು. ಅಷ್ಟೂ ಹೊತ್ತು ಬಸ್ಸು ಕಾಯಬೇಕು. ಕಾಶಿಯಲ್ಲಿ ಒಮ್ಮೆ ಬಸ್ಸಿನ ಜನವೆಲ್ಲ ಕಿಟಕಿಗೆ ಮುಖ ಒತ್ತಿ ಇಬ್ಬರನ್ನೂ ನುಂಗುವ ಹಾಗೆ ನೋಡಿದಾಗ, ವಸುಂಧರಮ್ಮ ನಾಚಿಕೆಯಿಂದ ಕುಗ್ಗಿ, “ಇನ್ನು ನಿನ್ನ ಜೊತೆ ಬಸ್ಸು ಹತ್ತಿದ್ರೆ ಕೇಳು” ಎಂದಿದ್ದರು. ಅಳಿಯನ ಬಣ್ಣದ ನಕ್ಷೆಗೆ ಅವರು ತಲೆಯಾಡಿಸುತ್ತಿದ್ದುದು ಆ ಕಾರಣಕ್ಕೆ. ಕಾರಿನಲ್ಲಿ ನಾಚಿಕೆಪಡಿಸುವಷ್ಟು ಜನರಿರುವುದಿಲ್ಲ.

ಊರಿಗೆ ಹೋಗಿ ಮುಖ ನೋಡುವಷ್ಟು ಹೊತ್ತಿರಲಿಲ್ಲ. ಶ್ರೀಹರ್ಷ ಪಶ್ಚಿಮವಾಹಿನಿಯಲ್ಲಿ ಕರ್ಮಗಳನ್ನು ಮಾಡುತ್ತಿದ್ದ. ತನ್ನ ಪಾಲಿಗೆ ಏನಾದರೂ ಇದೆಯೇ ಎಂದು ವಸುಂಧರಮ್ಮ ಪುರೋಹಿತರನ್ನು ಫೋನಿನಲ್ಲಿ ಕೇಳಿದರು.

“ಹತ್ತನೇ ದಿವಸ ದಕ್ಷಿಣಕ್ಕೆ ಮುಖ ಮಾಡಿ, ಅಕ್ಕನ ಹೆಸರು ಹೇಳಿ ಮೂರು ಬೊಗಸೆ ನೀರು ಬಿಡಿ ತಾಯಿ. ನದಿಯೋ ಸಮುದ್ರವೋ ಆದ್ರೆ ಉತ್ತಮ,” ಎಂದರು ಅವರು. 

“ಮಲಾಹೈಡ್‌ಗೆ ಸಿಟಿ ಬಸ್ಸೇ ಹೋಗತ್ತಮ್ಮ. ಅದೂ ಸಮುದ್ರಾನೇ,” ಎಂದಳು ಶರ್ಮಿಳಾ.

“ಅಲ್ಲಿ ನಾಯಿಗಳನ್ನ ಈಜಾಡಿಸ್ತಾರೆ. ಅಕ್ಕ ಫೋಟೋ ನೋಡಿ ಇಷ್ಟಪಟ್ಟಿದ್ದು ಪಶ್ಚಿಮ ತೀರದ ಮೋಹರ್‌ ಬಂಡೆ ಕೆಳಗಿನ ನೀರು. ಅಲ್ಲೇ ಬಿಡ್ಬೇಕು.”

“ಹಾಗಾದ್ರೆ ನನ್ನ ಪ್ಲ್ಯಾನ್ ರೆಡಿ ಇದೆ,” ಎಂದು ಶಶಾಂಕ ಲ್ಯಾಪ್‌ಟಾಪು ತೆರೆದ.

“ಬೇಡಪ್ಪ. ಬಸ್ಸಲ್ಲೇ ಹೋಗೋಣ. ಅವಳಿಗೆ ಅದೇ ಸರಿ,” ಎಂದರು ವಸುಂಧರಮ್ಮ. ಜೀವವಿದ್ದಾಗ ಒಪ್ಪದೇ ಇದ್ದ ವಾದವನ್ನು ಹೋದ ಮೇಲೆ ಒಪ್ಪಿಕೊಳ್ಳುವುದರಲ್ಲಿ ನಮ್ಮವರಿಗೆ ಸಮನಾದವರು ಯಾರಿದ್ದಾರೆ!

ಹತ್ತನೆಯ ದಿನ ಬೆಳಗಿನ ಬಸ್ಸು. ನೀರು ಬಿಡುವವರೆಗೆ ಬಾಯಿಗೆ ಏನೂ ಹಾಕುವುದಿಲ್ಲವೆಂದು ವಸುಂಧರಮ್ಮ ಸಂಕಲ್ಪ ಮಾಡಿದ್ದರು. ಶಶಾಂಕ ಹಿಂದಿನ ಸೀಟಿನಲ್ಲಿ, ಗೆದ್ದ ಪಕ್ಷದ ಮೆರವಣಿಗೆಯಲ್ಲಿ ಸೋತ ಅಭ್ಯರ್ಥಿ ಕೂತ ಹಾಗೆ ಕೂತಿದ್ದ. ಡೆಕ್ಲನ್ ಎಂಬ ಕೆಂಪು ಮುಖದ ಮನುಷ್ಯ ಚಾಲಕನೂ ಅವನೇ, ಮಾರ್ಗದರ್ಶಿಯೂ ಅವನೇ, ಹಾಡುಗಾರನೂ ಅವನೇ. ಅವನ ಪಾಲಿಗೆ ಎಲ್ಲವೂ ‘ಗ್ರ್ಯಾಂಡ್’. ಮೋಡ ಕವಿದರೂ ಗ್ರ್ಯಾಂಡ್, ಮಳೆ ಸುರಿದರೂ ಗ್ರ್ಯಾಂಡ್.

“ಹೊತ್ತಿಗೆ ಸರಿಯಾಗಿ ಬಸ್ಸಿಗೆ ಬಾರದವರು ಚಿಂತಿಸಬೇಕಿಲ್ಲ,” ಎಂದು ಅವನು ಮೈಕಿನಲ್ಲಿ ಸಾರಿದ. “ನನ್ನ ಭಾವಮೈದ ಟ್ಯಾಕ್ಸಿ ಓಡಿಸುತ್ತಾನೆ. ಅವನ ಮಕ್ಕಳ ಓದಿಗೆ ನೆರವಾಗುತ್ತದೆ.”

ಎಲ್ಲರೂ ನಕ್ಕರು. ವಸುಂಧರಮ್ಮನಿಗೆ ಮಗಳು ಅದನ್ನು ಕನ್ನಡದಲ್ಲಿ ಹೇಳಿದಾಗ ಅವರು ನಗಲಿಲ್ಲ. ಚೀಲದಲ್ಲಿದ್ದ ಎಳ್ಳಿನ ಪೊಟ್ಟಣವನ್ನು ಮುಟ್ಟಿ ನೋಡಿಕೊಂಡರು.

ಮೋಹರ್ ತಲುಪಿದಾಗ ಗಾಳಿ ಮನುಷ್ಯರನ್ನು ಆಚೆ ಈಚೆ ತಳ್ಳುತ್ತಿತ್ತು. ಜನರೆಲ್ಲ ಸಮುದ್ರಕ್ಕೆ ಬೆನ್ನು ಮಾಡಿ ತಮ್ಮದೇ ಫೋಟೋ ತೆಗೆದುಕೊಳ್ಳುತ್ತಿದ್ದರು. ಅಷ್ಟು ದೂರ ಬಂದು ನೋಡಬೇಕಾದದ್ದು ತಮ್ಮ ಮುಖವನ್ನೇ ಇರಬೇಕು. ವಸುಂಧರಮ್ಮ ಕಟ್ಟೆಯ ಅಂಚಿಗೆ ಹೋಗಿ ಬಗ್ಗಿ ನೋಡಿದರು. ಕಡಿದು ನಿಲ್ಲಿಸಿದಂಥ ಕಪ್ಪು ಬಂಡೆ. ಪಾತಾಳದಂಥ ಆಳದಲ್ಲಿ ಬಿಳಿ ನೊರೆ. ಅಲ್ಲಿ ಹಾರುತ್ತಿದ್ದ ಹಕ್ಕಿಗಳು ಎಳ್ಳಿನಷ್ಟೇ ಕಾಣುತ್ತಿದ್ದವು.

“ಮೆಟ್ಟಿಲು ಯಾವ ಕಡೆ ಇದೆಯಂತೆ, ಕೇಳೇ.”

“ಯಾವ ಮೆಟ್ಟಿಲಮ್ಮ?”

“ಸ್ನಾನಕ್ಕೆ ಇಳಿಯೋದು!”

ಶರ್ಮಿಳಾ ಗಂಡನ ಮುಖ ನೋಡಿದಳು. ಶಶಾಂಕ ನೆಲ ನೋಡಿದ. ಕಾಫಿಗೂ ಅಲೆದಾಟಕ್ಕೂ ಬಣ್ಣ ಹಾಕಿದ್ದ ಅವನು, ಕೆಳಗಿಳಿಯಲು ದಾರಿಯಿದೆಯೇ ಎಂದು ಮಾತ್ರ ನೋಡಿರಲಿಲ್ಲ. ಎರಡು ಎಂಜಿನಿಯರಿಂಗ್ ಪದವಿಗಳಿದ್ದ ಆ ಮನೆಯಲ್ಲಿ ಯಾರಿಗೂ ಆ ಸಂದೇಹ ಬಂದಿರಲಿಲ್ಲ. ಇಷ್ಟು ಜನ ಬರುವ ನೀರಿಗೆ ಒಂದು ಸ್ನಾನಘಟ್ಟ ಇಲ್ಲದಿರುವುದು ಹೇಗೆ?

ಡೆಕ್ಲನ್‌ನನ್ನೇ ಕೇಳಿದರು. “ಇಲ್ಲಿ ಕೆಳಗೆ ಹೋಗಲು ಒಂದೇ ದಾರಿ, ಅಮ್ಮಾ. ಆ ದಾರಿಯಲ್ಲಿ ಹೋದವರು ಬಸ್ಸಿಗೆ ವಾಪಸು ಬರುವುದಿಲ್ಲ,” ಎಂದ ಅವನು.

ವಸುಂಧರಮ್ಮ ಬೆಂಚಿನ ಮೇಲೆ ಕೂತುಬಿಟ್ಟರು. ಕಣ್ಣ ಮುಂದೆ ಭೂಮಿಯ ಅಂಚಿನವರೆಗೆ ನೀರು. ಅಕ್ಕನಿಗೆ ಕೊಡಲು ಮೂರು ಬೊಗಸೆ ಇಲ್ಲ.

“ಬಾಟಲಿ ನೀರು ಇಲ್ಲಿಂದ್ಲೇ ಬಿಟ್ರೆ ಆಗಲ್ವಾ ಅತ್ತೆ? ಕೆಳಗೆ ಹೋಗಿ ಸಮುದ್ರಾನೇ ಸೇರತ್ತೆ,” ಎಂದ ಶಶಾಂಕ, ಮೆಲ್ಲಗೆ.

“ಈ ಗಾಳೀಲಿ ಅದು ನಿಮ್ಮ ಮುಖ ಸೇರತ್ತೆ, ಅಳಿಯಂದಿರೇ,” ಎಂದರು ಅವರು.

ಬಸ್ಸು ಹೊರಟಿತು. ಡೆಕ್ಲನ್ ಮತ್ತೆ ಹಾಡಿದ. ವಸುಂಧರಮ್ಮ ಕಣ್ಣು ಮುಚ್ಚಿದ್ದರು. ದಿನ ಇಳಿಯುತ್ತಿತ್ತು. ಈ ಬಸ್ಸು ಇನ್ನು ಡಬ್ಲಿನ್ ಕಡೆಗೇ ಎಂದು ಶರ್ಮಿಳಾ ಹೇಳಿದ್ದಳು. ನಡುವೆ ಒಂದು ಸಣ್ಣ ಮೀನುಗಾರರ ಊರಿನಲ್ಲಿ ಫೋಟೋ ತೆಗೆಯಲು ಹತ್ತು ನಿಮಿಷ ನಿಲ್ಲಿಸಿದರು. ಕಣ್ಣು ತೆರೆದ ವಸುಂಧರಮ್ಮನಿಗೆ ಕಿಟಕಿಯಾಚೆ ದೋಣಿ ಇಳಿಸುವ ಕಲ್ಲಿನ ಇಳಿಜಾರು ಕಂಡಿತು. ಪಾಚಿ ಹಿಡಿದು, ಸಲೀಸಾಗಿ, ನೇರವಾಗಿ ಅದು ನೀರಿನೊಳಕ್ಕೆ ಇಳಿದಿತ್ತು.

“ಶರ್ಮಿ, ಕೈ ಹಿಡ್ಕೊ.”

ಚಪ್ಪಲಿ ಮೇಲೆ ಬಿಟ್ಟು ಇಳಿದರು. ನೀರು ಮೊಣಕಾಲಿಗೆ ಬಂದಾಗ ತಣ್ಣಗೆ ಮೂಳೆ ಕಡಿಯಿತು.

“ದಕ್ಷಿಣ ಯಾವುದು?”

ಶಶಾಂಕ ಫೋನು ಹಿಡಿದು ಒಂದು ಸುತ್ತು ತಿರುಗಿದ. ಸ್ವತಂತ್ರ ಪ್ರವಾಸದ ವಿದ್ಯೆ ಕೊನೆಗೂ ಕೆಲಸಕ್ಕೆ ಬಂತು. “ಹಿಂದಕ್ಕೆ ತಿರುಗಿ ಅತ್ತೆ. ಅದೋ, ಆ ಪಬ್ಬಿನ ಕಡೆ.”

ವಸುಂಧರಮ್ಮ ಪಬ್ಬಿಗೆ ಮುಖ ಮಾಡಿ ನಿಂತರು. ಅದರ ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದ ಇಬ್ಬರು ಮುದುಕರು ಇದೇನೆಂದು ತಿಳಿಯದೆಯೂ ಲೋಟ ಕೆಳಗಿಟ್ಟರು. ಒಂದು ಬೊಗಸೆ. ಎರಡು. ಎಳ್ಳು ಬೆರಳ ಸಂದಿಯಿಂದ ಜಾರಿತು. ಮೂರನೆಯದಕ್ಕೆ ಬಗ್ಗುವಾಗ ಬಸ್ಸಿನ ಹಾರ್ನ್ ಕೇಳಿಸಿತು. ವಸುಂಧರಮ್ಮ ತಲೆಯೆತ್ತಿದರು. ಬಸ್ಸಿನ ಉದ್ದಕ್ಕೂ ಕಿಟಕಿಗಳಿಗೆ ಒತ್ತಿದ ಮುಖಗಳು. ದೇಶ ಬೇರೆ, ಬಣ್ಣ ಬೇರೆ, ನೋಟ ಮಾತ್ರ ಕಾಶಿಯದೇ.

“ಅಮ್ಮ, ಸಾಕು ಬಾ. ಬಸ್ಸು ಹೊರಟುಹೋಗತ್ತೆ!”

“ಹೋಗ್ಲಿ ಬಿಡೆ. ಅವನ ಭಾವಮೈದನ ಮಕ್ಕಳು ಓದ್ಕೊಳ್ಳಲಿ.”

ಮೂರನೆಯ ಬೊಗಸೆ ಬಿಟ್ಟರು. ಮುಳುಗದ ನೀರು ಅಕ್ಕನಿಗೆ ಸಲ್ಲುವುದಿಲ್ಲವೆಂದು ಆಗ ನೆನಪಾಯಿತು. ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದು, ಸೀರೆ ಸಮೇತ, ಅಕ್ಕನ ಹೆಸರಿನಲ್ಲಿ ಒಂದು ಮುಳುಗು ಹಾಕಿ ಎದ್ದರು. ಹಲ್ಲು ಕಟಕಟ ಎನ್ನುತ್ತಿದ್ದರೂ ಅವಸರ ಮಾಡಲಿಲ್ಲ. ಸೀರೆಯನ್ನು ಹಿಂಡಿಕೊಂಡು, ನಿಧಾನವಾಗಿ, ತುಂಗಮ್ಮ ನಡೆಯುತ್ತಿದ್ದ ಹಾಗೆಯೇ ನಡೆದು ಬಂದರು.

ಬಸ್ಸು ನಿಂತಿತ್ತು. ಡೆಕ್ಲನ್ ಬಾಗಿಲಲ್ಲಿ ಗಡಿಯಾರ ನೋಡುತ್ತಿದ್ದ. ಶರ್ಮಿಳಾ ಅವನಿಗೆ ಎರಡು ಮಾತು ಹೇಳಿದಳು. ಅವನು ಟೋಪಿ ತೆಗೆದು, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ಆಮೇಲೆ ತನ್ನ ಕೋಟನ್ನು ಅವರ ಹೆಗಲಿಗೆ ಹೊದಿಸಿ, ಸೀಟಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿದ. ಭಕ್ತಿಯೇ ಬೇರೆ, ಬಸ್ಸಿನ ಸೀಟೇ ಬೇರೆ.

ಯಾರ ಮುಖವನ್ನೂ ತಪ್ಪಿಸದೆ ವಸುಂಧರಮ್ಮ ನಡೆದು ಹೋಗಿ ಕೂತರು. ನಾಚಿಕೆಯಾಗಬಹುದೆಂದು ಒಂದು ಗಳಿಗೆ ಕಾದರು. ಆಗಲಿಲ್ಲ. ಕಾಶಿಯಲ್ಲಿ ಅಕ್ಕನಿಗೆ ಏಕೆ ಆಗಿರಲಿಲ್ಲವೆಂದು ಈಗ ಗೊತ್ತಾಯಿತು. ಶರ್ಮಿಳಾ ಬುತ್ತಿ ಬಿಚ್ಚಿ ಹುಳಿಯನ್ನದ ಮೊದಲ ತುತ್ತು ಕೈಗಿಟ್ಟಳು. ಅವರು ಅದನ್ನು ಹಾಗೆಯೇ ಹಿಡಿದುಕೊಂಡು, ಹಿಂದೆ ಸರಿಯುತ್ತಿದ್ದ ನೀರನ್ನು ನೋಡಿ ಕಣ್ಣು ಮುಚ್ಚಿದರು.

ನಾರಾಯಣಾ, ನಮ್ಮಕ್ಕ ತುಂಗ ನಿನ್ನ ಕಡೆಗೆ ಒಬ್ಬಳೇ ಬರುತ್ತಿದ್ದಾಳೆ. ಜೊತೆಗೆ ಬಸ್ಸಿಲ್ಲ, ಅಡುಗೆಯವರಿಲ್ಲ, ಬೇಗ ಬಾ ಎಂದು ಗದರುವ ತಂಗಿಯೂ ಇಲ್ಲ. ದಾರಿಯಲ್ಲಿ ನೀರು ಕಂಡಲ್ಲೆಲ್ಲ ಅವಳು ನಿಲ್ಲುತ್ತಾಳೆ. ಅವಸರ ಮಾಡಬೇಡ ತಂದೆ, ಬಾಗಿಲು ತೆರೆದಿಟ್ಟುಕೊಂಡು ಕಾದಿರು. ನಾನು ಬಿಟ್ಟ ನೀರು ಅವಳಿಗೆ ಮುಟ್ಟಲಿ. ಆ ಜೀವ ನಿನ್ನ ಪಾದದಲ್ಲಿ ತಣ್ಣಗಿರಲಿ.