ಫೋನಿಗೆ ಒಪ್ಪುವ ಮುಖ

ಬೆರಳ ತುದಿಗೆ ಸದಾ ಇದ್ದಿಲ ಪುಡಿ ಮೆತ್ತಿಕೊಂಡಿರುತ್ತಿದ್ದ ಕಾರಣ ಮನೆಯವರೆಲ್ಲ ಅವಳನ್ನು ಮಸಿ ಎಂದೇ ಕರೆಯುತ್ತಿದ್ದರು. ವಿಶ್ವವಿದ್ಯಾಲಯದಲ್ಲಿ ಲಲಿತಕಲೆಯ ಓದು. ತರಗತಿಗಳೆಲ್ಲ ಮುಚ್ಚಿ, ಓದೆಂದರೆ ಈಗ ಅಮ್ಮನ ಹಳೆಯ ಫೋನು, ಅಡುಗೆಮನೆಯ ಮೂಲೆ, ಅಷ್ಟೇ. ಈ ವರ್ಷ ಒಂದು ಭಾವಚಿತ್ರ ಬರೆದು ಒಪ್ಪಿಸಬೇಕು. ಅದಕ್ಕೆ ಒಳ್ಳೆಯ ಅಂಕ ಬಂದರೆ ಮಾತ್ರ ಕೊನೆಯ ವರ್ಷಕ್ಕೆ ಚಿತ್ರಕಲಾ ವಿಭಾಗದಲ್ಲಿ ಸೀಟು. ಮಸಿಗೆ ಬುದ್ಧಿ ಬಂದಾಗಿನಿಂದ ಇದ್ದದ್ದು ಅದೊಂದೇ ಆಸೆ.

ಅಜ್ಜಿಯನ್ನು ಸ್ಟೂಲಿನ ಮೇಲೆ ಕೂರಿಸಿ ಹನ್ನೊಂದು ದಿನ ಬರೆದಳು. ಸೊಂಟ ಹಿಡಿದುಕೊಂಡರೂ ಅಜ್ಜಿ ಅಲುಗಾಡಲಿಲ್ಲ. "ಪೂರ್ತಿ ಮುಗಿದ್ಮೇಲೆ ತೋರಿಸು. ಅರ್ಧಂಬರ್ಧ ಮುಖ ನಂಗ್ ಬೇಡ" ಎಂದಿದ್ದಳು. ಮುಖವೇನೋ ಚೆನ್ನಾಗಿಯೇ ಬಂತು. ಆದರೆ ಮೇಷ್ಟ್ರು ನೋಡುವುದು ಚಿತ್ರವನ್ನಲ್ಲವಲ್ಲ, ಫೋಟೋವನ್ನು! ಬಲ್ಬಿನ ಬೆಳಕಿನಲ್ಲಿ ಆ ದರಿದ್ರ ಫೋನಿಗೆ ಎಲ್ಲವೂ ಹಳದಿ.

"ಏನಮ್ಮ, ನಿಮ್ಮಜ್ಜಿಗೆ ಕಾಮಾಲೆನಾ?" ಎಂದರು ಮೇಷ್ಟ್ರು. ತೆರೆಯ ಮೇಲಿನ ಸಹಪಾಠಿಗಳೆಲ್ಲ ನಕ್ಕರು.

"ಸರ್, ಎದುರಿಗೆ ನೋಡಿದ್ರೆ ಹಾಗಿಲ್ಲ..."

"ನನ್ನೆದುರಿಗೆ ಇರೋದು ಇದೇ ಕಣಮ್ಮ. ಸರಿ ಮಾಡು."

ಅತ್ತ ದರಿ, ಇತ್ತ ಪುಲಿ. ಹಳದಿ ಅಡಗಲೆಂದು ಮಸಿ ಚಿತ್ರದ ಕೆನ್ನೆಗೆ ಚೂರು ನೀಲಿ ಬೆರೆಸಿದಳು, ಫೋನಿನಲ್ಲಿ ನೋಡಿದಳು, ಇನ್ನಷ್ಟು ಬೆರೆಸಿದಳು. ಮೂರನೇ ದಿನ ಮೇಷ್ಟ್ರು "ಈಗ ನೋಡು, ಜೀವ ಬಂತು!" ಎಂದರು. ಅದೇ ವಾರ ಒಂದು ಫಾರಂ ಬಂತು: ಆನ್‌ಲೈನ್ ಕಲಿಕೆ ನಿಮಗೆ ತೃಪ್ತಿ ತಂದಿದೆಯೇ? ಐದಕ್ಕೆ ಐದು ಒತ್ತಿದಳು. ಹೆಸರು ಹಾಕಿ ಕೊಡುವ ಫಾರಮ್ಮಿನಲ್ಲಿ ನಿಜ ಹೇಳುವಷ್ಟು ಗುಂಡಿಗೆ ಯಾರಿಗಿದೆ!

ಆಮೇಲೆ ದಿಢೀರನೆ ಸೂಚನೆ ಬಂತು. ತರಗತಿಗಳು ತೆರೆಯುತ್ತಿವೆ, ನಾಳೆ ಮೂಲ ಚಿತ್ರವನ್ನೇ ತನ್ನಿ, ಹೊರಗಿನ ಪರೀಕ್ಷಕರು ನೋಡುತ್ತಾರೆ, ಫೋಟೋಗೆ ಅಂಕವಿಲ್ಲ.

ಮಸಿ ಚಿತ್ರವನ್ನು ಕಿಟಕಿಯ ಬಿಸಿಲಿಗೆ ಹಿಡಿದಳು. ಅಜ್ಜಿಯ ಮುಖ ರಕ್ತವೇ ಇಲ್ಲದ ಹಾಗೆ ನೀಲಿಯಾಗಿ ಬಿಳಿಚಿಕೊಂಡಿತ್ತು. ಕಿವಿಯ ಹತ್ತಿರ ಕೆರೆದು ನೋಡಿದರೆ ನೀಲಿಯ ಜೊತೆಗೆ ಅಡಿಯ ಒಳ್ಳೆಯ ಬಣ್ಣವೂ ಕಿತ್ತು ಬಂತು. ಇನ್ನೊಂದು ಬರೆಯಲು ದಿನವೆಲ್ಲಿದೆ?

"ಮುಗೀತೇನೇ?" ಅಜ್ಜಿ ಹಿಂದೆಯೇ ನಿಂತಿದ್ದಳು. ಮಸಿ ಅಡ್ಡ ನಿಲ್ಲುವಷ್ಟರಲ್ಲಿ ಅಜ್ಜಿ ನೋಡಿಯೇಬಿಟ್ಟಳು.

"ನಾನು ಇಷ್ಟು ಬಿಳಿಚ್ಕೊಂಡಿದೀನಾ? ಡಾಕ್ಟ್ರು ಏನಾದ್ರೂ ಹೇಳಿದ್ರಾ? ನನ್ನಿಂದ ಮುಚ್ಚಿಟ್ಟಿದೀರಾ?"

"ಅಯ್ಯೋ, ಇಲ್ಲಜ್ಜಿ! ಅದು ಫೋನಿಗೋಸ್ಕರ ಬಳಿದಿದ್ದು. ಇದ್ರಲ್ಲಿ ನೋಡು, ಸರಿಯಾಗಿದೀಯ."

ಅಜ್ಜಿ ಫೋನಿನ ಕಡೆ ತಿರುಗಲಿಲ್ಲ. "ಆ ಡಬ್ಬಿ ಯಾಕೆ ಮಗಳೇ? ಹನ್ನೊಂದು ದಿನ ಕಣ್ಣಿಟ್ಟು ನೋಡ್ದೋಳು ನೀನು. ನೀನು ಸುಳ್ಳು ಬರೆಯೋಳಲ್ಲ. ನಾಳೆ ಇದನ್ನೇ ತಗೊಂಡ್ಹೋಗು."

ಅಂಗೈಯಿಂದ ತನ್ನ ಕೆನ್ನೆಯನ್ನು ಒಮ್ಮೆ ಉಜ್ಜಿಕೊಂಡು, ಅಜ್ಜಿ ಮಟಮಟ ಮಧ್ಯಾಹ್ನವೇ ಕಾಯಿಲೆಯವಳಂತೆ ಹೋಗಿ ಮಲಗಿಬಿಟ್ಟಳು.